ನಾಯಿಯ ಭಯ: ಆತಕೂರಿನ ಕಲ್ಲಿನಿಂದ ಮಿಶಿಗನ್ನಿನ ಅಂಗಳದವರೆಗೆ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರಿನಲ್ಲಿ ದೊರೆತ ಈ ಕಲ್ಲಿನ ಮೇಲೆ ನಾಯಿಯೊಂದು ಕಾಡುಹಂದಿಯ ಮೇಲೆರಗಿದ ಚಿತ್ರವನ್ನೂ ಹಳಗನ್ನಡದ ಶಾಸನವನ್ನೂ ಕೆತ್ತಲಾಗಿದೆ. ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದಾಗ ಗಂಗ ಅರಸ ಇಮ್ಮಡಿ ಬೂತುಗನು ಅವನ ಪಕ್ಷದಲ್ಲಿದ್ದ. ಬೂತುಗನ ಕಡೆಯ ವೀರ ಮಣಲೆರನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದಾಗ ಮಣಲೆರನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಸೆಣಸಿತು. ಎರಡೂ ಸತ್ತವು. ಕಾಳಿಯ ನೆನಪಿಗಾಗಿ ಆತಕೂರಿನ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಡಲಾಯಿತು.

ನಾಯಿಯ ಧೈರ್ಯಕ್ಕೆ ಸಾವಿರ ವರ್ಷಗಳ ಹಿಂದೆಯೇ ಶಾಸನ ಬರೆಸಿದ ನಾಡು ನಮ್ಮದು. ಆದರೆ ನಾಯಿಯ ಭಯಕ್ಕೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಬಾಲ ಮುದುರಿಕೊಂಡು ಓಡುವುದು ನಮ್ಮ ಮಾತಿನಲ್ಲಿ ಹೇಡಿತನದ ಉಪಮೆಯಾಯಿತೇ ಹೊರತು, ಅದು ನಾಯಿಯ ದೇಹದ ಒಂದು ಸ್ಥಿತಿ ಎಂದು ಯಾರಿಗೂ ತೋರಲಿಲ್ಲ. ಈ ಕೊರತೆ ನಮ್ಮದು ಮಾತ್ರವಲ್ಲ, ಜಗತ್ತಿನದೇ ಹೌದು. ಭಯಗೊಂಡ ನಾಯಿಯನ್ನು ‘ಕೆಟ್ಟ ನಾಯಿ’ ಎನ್ನುವುದನ್ನು ಬಿಟ್ಟು ‘ಭಯಗೊಂಡ ನಾಯಿ’ ಎಂದೇ ಗುರುತಿಸಲು ಮನುಷ್ಯನಿಗೆ ಸುಮಾರು ನೂರು ವರ್ಷಗಳ ಅಧ್ಯಯನ ಬೇಕಾಯಿತು. ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಾಗಲಿ ಶಿಕಾಗೋದ ಉಪನಗರಗಳಲ್ಲಾಗಲಿ ನಾಯಿ ಸಾಕಿರುವ ಕನ್ನಡ ಕುಟುಂಬಗಳಿಗೂ, ಪಕ್ಕದ ಮನೆಯ ನಾಯಿಯನ್ನು ಕಂಡರೆ ಹೆದರುವ ಕುಟುಂಬಗಳಿಗೂ ಆ ಅಧ್ಯಯನದ ಕಥೆ ಉಪಯುಕ್ತವಾದುದು.

ನಮ್ಮ ಭಯಕ್ಕೊಂದು ಚರಿತ್ರೆಯಿದೆ

ನಾಯಿಯ ಭಯದ ಕಥೆಗೆ ಮುನ್ನ ನಮ್ಮ ಭಯದ ಕಥೆಯನ್ನು ಹೇಳಲೇಬೇಕು; ಮೊದಲನೆಯದನ್ನು ಮರೆಮಾಡಿದ್ದು ಎರಡನೆಯದು. ಕರ್ನಾಟಕದಲ್ಲಿ ಬೆಳೆದ ನಮ್ಮಲ್ಲಿ ಅನೇಕರಿಗೆ ನಾಯಿ ಎಂದೊಡನೆ ನೆನಪಾಗುವುದು ‘ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ’. ಇದು ಹಿರಿಯರು ಮಕ್ಕಳನ್ನು ಹೆದರಿಸಲು ಕಟ್ಟಿದ ಮಾತಲ್ಲ. 1885ರ ಜುಲೈ 6ರಂದು ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ರೇಬೀಸ್ ಲಸಿಕೆ ಕೊಡಿಸಿದ. ಭಾರತದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಪಾಶ್ಚರ್ ಸಂಸ್ಥೆಗಳು ಆರಂಭವಾದವು. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ವೈದ್ಯ 1911ರಲ್ಲಿ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಿಸುವ ಲಸಿಕೆಯೇ ಮುಂದೆ ದಶಕಗಳ ಕಾಲ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ಅದನ್ನು ದಿನಕ್ಕೊಂದರಂತೆ ಹೊಟ್ಟೆಯ ಚರ್ಮದಡಿ ಚುಚ್ಚಬೇಕಾಗಿತ್ತು. ನೋವು ಅಧಿಕ, ಕೆಲವರಲ್ಲಿ ನರಮಂಡಲಕ್ಕೇ ತೊಂದರೆಯಾಗುತ್ತಿತ್ತು. ಭಾರತವು ಈ ಲಸಿಕೆಯನ್ನು ಪೂರ್ತಿಯಾಗಿ ಕೈಬಿಟ್ಟಿದ್ದು 2004-05ರ ಹೊತ್ತಿಗೆ. ಈಗಿನ ಲಸಿಕೆಯನ್ನು ತೋಳಿಗೆ ಕೆಲವೇ ಬಾರಿ ಕೊಟ್ಟರೆ ಸಾಕು.

ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬೀಸ್ ರೋಗಿಯನ್ನು ಉಳಿಸಿಕೊಳ್ಳುವುದು ಇಂದಿಗೂ ಬಹುಮಟ್ಟಿಗೆ ಅಸಾಧ್ಯ. ಆದ್ದರಿಂದ ಊರಿನಿಂದ ಬಂದ ಅಜ್ಜ ಅಜ್ಜಿಯರು ಇಲ್ಲಿಯ ನಾಯಿಗೆ ಹೆದರಿದರೆ ನಗುವುದು ತರವಲ್ಲ. ಆ ಹೆದರಿಕೆ ಒಂದು ಕಾಲದ ಸಾರ್ವಜನಿಕ ಆರೋಗ್ಯದ ನೆನಪು. ಇಲ್ಲೊಂದು ಸೋಜಿಗವೂ ಇದೆ. ರೇಬೀಸಿಗೆ ನಾವಿಟ್ಟ ಹೆಸರುಗಳಲ್ಲೊಂದು ‘ಜಲಭೀತಿ’. ನೀರನ್ನು ಕಂಡರೆ ಗಂಟಲಿನ ಸ್ನಾಯುಗಳು ಸೆಟೆದುಕೊಳ್ಳುವ ಈ ಲಕ್ಷಣ ಕಾಣುವುದು ಮನುಷ್ಯನಲ್ಲಿ; ರೋಗಪೀಡಿತ ನಾಯಿಯಲ್ಲಿ ಅದು ಆ ರೀತಿಯಲ್ಲಿ ಕಾಣುವುದಿಲ್ಲ. ನಾಯಿಯ ಹೆಸರಿಗೆ ಅಂಟಿಕೊಂಡ ಆ ಭೀತಿಯೂ ನಿಜದಲ್ಲಿ ನಮ್ಮದೇ.

ಬಾಲದ ಭಾಷೆಯಿಂದ ರಕ್ತದ ಭಾಷೆಗೆ

ನಾಯಿಯ ಭಾವನೆಯನ್ನು ಅದರ ಮೈಯಿಂದ ಓದಬಹುದು ಎಂದು ಶಾಸ್ತ್ರೀಯವಾಗಿ ತೋರಿಸಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಮೊದಲಿಗನೆನ್ನಬಹುದು. ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತು 1872ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ನಾಯಿಗೆ ವಿಶೇಷ ಸ್ಥಾನವಿದೆ. ಎರಗಲು ಸಿದ್ಧವಾದ ನಾಯಿ ಮೈಯನ್ನು ಬಿಗಿಮಾಡಿ, ಬಾಲವನ್ನೆತ್ತಿ, ಕೂದಲು ನಿಮಿರಿಸಿ ನಿಲ್ಲುತ್ತದೆ. ಒಲಿದು ಶರಣಾಗುವ ನಾಯಿ ಮೈಯನ್ನು ಕುಗ್ಗಿಸಿ, ಬಳುಕಿಸಿ, ಕಿವಿಗಳನ್ನು ಹಿಂದಕ್ಕೆ ಇಳಿಸುತ್ತದೆ. ವಿರುದ್ಧ ಭಾವನೆಗಳು ದೇಹದಲ್ಲಿ ವಿರುದ್ಧ ಭಂಗಿಗಳಾಗಿ ಮೂಡುತ್ತವೆ ಎಂಬುದು ಅವನ ವಾದ.

ಭಂಗಿಯ ಒಳಗೆ ನಡೆಯುವುದೇನು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಹಾರ್ವರ್ಡ್‌ನ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ ಮತ್ತು ಅವನ ಸಹೋದ್ಯೋಗಿ ಬೊಗಳುವ ನಾಯಿಯ ಎದುರು ಬೆಕ್ಕುಗಳನ್ನು ಇರಿಸಿ, ಹೆದರುವ ಮುನ್ನ ಮತ್ತು ಹೆದರಿದ ಮೇಲೆ ಅವುಗಳ ರಕ್ತವನ್ನು ಪರೀಕ್ಷಿಸಿದರು. ಹೆದರಿದ ಬೆಕ್ಕಿನ ರಕ್ತದಲ್ಲಿ ಅಡ್ರಿನಾಲಿನ್ ಸ್ರವಿಸಿದ್ದುದು ಕಂಡುಬಂತು. 1911ರಲ್ಲಿ ಪ್ರಕಟವಾದ ಈ ಕೆಲಸವೂ 1915ರ ಅವನ ಗ್ರಂಥವೂ ವೈದ್ಯಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಮೊದಲ ವರ್ಷದಲ್ಲಿಯೇ ಓದುವ ‘ಕಾದು ಇಲ್ಲವೇ ಓಡು’ ಎಂಬ ತತ್ತ್ವಕ್ಕೆ ತಳಹದಿ. ಹೃದಯದ ಬಡಿತ ಏರುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಜೀರ್ಣಕ್ರಿಯೆ ಕುಗ್ಗುತ್ತದೆ, ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಹೆದರಿದ ನಾಯಿ ತನಗೆ ಬಹು ಪ್ರಿಯವಾದ ತಿನಿಸನ್ನೂ ಮೂಸಿ ನೋಡದಿರುವುದು ಹಟದಿಂದಲ್ಲ. ಆ ಹೊತ್ತಿನಲ್ಲಿ ಅದರ ದೇಹ ಊಟಕ್ಕೆ ಸಿದ್ಧವಾಗಿರುವುದಿಲ್ಲ. ಓಡಲು ದಾರಿಯಿದ್ದರೆ ಅದು ಓಡುತ್ತದೆ. ಹಗ್ಗ ಕಟ್ಟಿದ್ದರೆ, ಮೂಲೆಗೆ ಸಿಕ್ಕಿದ್ದರೆ, ಮಗುವೊಂದು ಕುತ್ತಿಗೆಗೆ ಜೋತುಬಿದ್ದಿದ್ದರೆ ಉಳಿಯುವುದು ಕಾದುವ ದಾರಿಯೊಂದೇ.

ಲೆನಿನ್‌ಗ್ರಾಡಿನ ನೆರೆ

ಭಯವು ಆ ಕ್ಷಣಕ್ಕೆ ಮುಗಿಯದೆ ಉಳಿದುಬಿಡಬಹುದು ಎಂಬುದನ್ನು ತೋರಿಸಿದ್ದು ಒಂದು ಅನಾಹುತ. 1924ರ ಸೆಪ್ಟೆಂಬರ್ 23ರಂದು ಲೆನಿನ್‌ಗ್ರಾಡಿನಲ್ಲಿ ನೇವಾ ನದಿ ಉಕ್ಕಿ ಇವಾನ್ ಪಾವ್‌ಲೋವ್‌ನ ಪ್ರಯೋಗಾಲಯದ ನಾಯಿಗೂಡುಗಳಿಗೆ ನೀರು ನುಗ್ಗಿತು. ಸಿಬ್ಬಂದಿ ಬಂದು ಬಿಡಿಸುವ ಹೊತ್ತಿಗೆ ನಾಯಿಗಳು ಮುಳುಗುವ ಸ್ಥಿತಿಯಲ್ಲಿದ್ದವು. ಅವುಗಳನ್ನು ನೀರಿನಲ್ಲಿ ಈಜಿಸಿಯೇ ಹೊರತರಬೇಕಾಯಿತು. ಜೀವ ಉಳಿಯಿತು. ಆದರೆ ಕೆಲವು ನಾಯಿಗಳು ಹಿಂದಿನಂತಾಗಲಿಲ್ಲ. ತಿಂಗಳುಗಟ್ಟಲೆ ಕಲಿತ ಪಾಠಗಳು ಅಳಿಸಿಹೋದವು, ತಿನ್ನುವುದು ಕಡಿಮೆಯಾಯಿತು. ಚೇತರಿಸಿಕೊಂಡಂತೆ ತೋರಿದ ಒಂದು ನಾಯಿಯ ಕೋಣೆಗೆ ಬಾಗಿಲ ಸಂದಿಯಿಂದ ಸ್ವಲ್ಪವೇ ನೀರನ್ನು ಹರಿಯಬಿಟ್ಟಾಗ ಅದು ಮತ್ತೆ ನೆರೆಯ ದಿನದ ಸ್ಥಿತಿಗೆ ಮರಳಿತು.

ನಾಯಿಯೊಂದು ಕಸಬರಿಕೆ ಕಂಡೊಡನೆ ಮಂಚದಡಿ ಸೇರಿದರೆ, ಟೋಪಿ ಹಾಕಿದ ಗಂಡಸನ್ನು ಕಂಡು ಗುರುಗುಟ್ಟಿದರೆ, ನಾವು ಕಾಣುತ್ತಿರುವುದು ಬಾಗಿಲ ಸಂದಿಯ ನೀರನ್ನು ಮಾತ್ರ; ಅದರ ಹಿಂದಿನ ನೆರೆ ನಮಗೆ ಕಾಣುವುದಿಲ್ಲ. ಆಶ್ರಯಧಾಮಗಳಿಂದ ನಾಯಿಯನ್ನು ತಂದು ಸಾಕುವ ಕುಟುಂಬಗಳು ಇದನ್ನು ವಿಶೇಷವಾಗಿ ನೆನಪಿಡಬೇಕು.

ಹನ್ನೆರಡು ವಾರಗಳ ಬಾಗಿಲು

ಹಾಗೆಂದು ಹೆದರುವ ನಾಯಿಗಳೆಲ್ಲ ಹೊಡೆತ ತಿಂದವುಗಳೇ ಆಗಿರಬೇಕಿಲ್ಲ. ಮೇನ್ ರಾಜ್ಯದ ಬಾರ್ ಹಾರ್ಬರ್‌ನ ಜಾಕ್ಸನ್ ಪ್ರಯೋಗಾಲಯದಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ಸಂಶೋಧಕರು 1961ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಎತ್ತರದ ಬೇಲಿಯೊಳಗಿನ ಬಯಲಿನಲ್ಲಿ ಮನುಷ್ಯರ ಸಂಪರ್ಕವಿಲ್ಲದೆ ಮರಿಗಳು ತಾಯಿಯೊಡನೆ ಬೆಳೆದವು. ಅವುಗಳಲ್ಲಿ ಕೆಲವನ್ನು ಎರಡು, ಮೂರು, ಐದು, ಏಳು, ಒಂಬತ್ತು ವಾರಗಳ ವಯಸ್ಸಿನಲ್ಲಿ ಒಂದೊಂದು ವಾರ ಹೊರತಂದು ಮನುಷ್ಯರ ಒಡನಾಟ ಕೊಡಲಾಯಿತು. ಹದಿನಾಲ್ಕನೆಯ ವಾರದವರೆಗೂ ಮನುಷ್ಯರನ್ನೇ ಕಾಣದ ಮರಿಗಳು ಕಾಡುಪ್ರಾಣಿಗಳಂತೆ ಹೆದರಿದವು. ಅವುಗಳನ್ನು ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಸರಿಯಾದ ಕಾಲದಲ್ಲಿ ಒಳ್ಳೆಯದೇನೂ ನಡೆದಿರಲಿಲ್ಲ, ಅಷ್ಟೇ. ಅದೇ ಸಂಸ್ಥೆಯ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರ ಗ್ರಂಥದಲ್ಲಿ ಸುಮಾರು ಮೂರರಿಂದ ಹನ್ನೆರಡು ವಾರಗಳ ಅವಧಿಯನ್ನು ನಾಯಿಮರಿಯ ಸಾಮಾಜಿಕ ಬದುಕಿನ ನಿರ್ಣಾಯಕ ಘಟ್ಟವೆಂದು ವಿವರಿಸಿದರು. ತಳಿಯಿಂದ ತಳಿಗೆ ಅಂಜಿಕೆಯ ಸ್ವಭಾವ ಬೇರೆಯಾಗಿರುತ್ತದೆ ಎಂಬುದನ್ನೂ ಅವರು ತೋರಿಸಿದರು. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯನ್ನೇ ನೋಡಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಈ ತಳಿ ಓಟಕ್ಕೆ ಹೆಸರಾದುದು. ಆದರೆ ಅಪರಿಚಿತರು ಮೈ ಮುಟ್ಟುವುದನ್ನು ಅದು ಒಪ್ಪುವುದಿಲ್ಲ. ಹಂದಿಯ ಬೆನ್ನಟ್ಟುವ ಧೈರ್ಯವೂ ಹೊಸ ಕೈಗೆ ಅಳುಕುವ ಸಂಕೋಚವೂ ಒಂದೇ ನಾಯಿಯಲ್ಲಿರಬಹುದು.

ಈ ತಿಳಿವಳಿಕೆ ಮನೆಗಳನ್ನು ತಲುಪುವ ಮೊದಲೇ ಒಂದು ರೋಗ ಅಡ್ಡ ಬಂತು. 1978ರಲ್ಲಿ ನಾಯಿಗಳಲ್ಲಿ ಪಾರ್ವೋ ವೈರಸ್ ಎಂಬ ಹೊಸ ಸೋಂಕು ಕಾಣಿಸಿಕೊಂಡು ಮರಿಗಳನ್ನು ಬಲಿತೆಗೆದುಕೊಂಡಿತು. ಲಸಿಕೆಗಳೆಲ್ಲ ಮುಗಿಯುವವರೆಗೆ, ಅಂದರೆ ಸುಮಾರು ಹದಿನಾರು ವಾರಗಳವರೆಗೆ, ಮರಿಯನ್ನು ಹೊರಗೆ ತರಬೇಡಿ ಎಂಬುದು ಸಾಮಾನ್ಯ ಸಲಹೆಯಾಯಿತು. ಸೋಂಕಿನಿಂದ ರಕ್ಷಣೆಯೇನೋ ದೊರೆಯಿತು, ಆದರೆ ಅಷ್ಟರಲ್ಲಿ ಆ ಹನ್ನೆರಡು ವಾರಗಳ ಬಾಗಿಲು ಮುಚ್ಚಿಹೋಗುತ್ತಿತ್ತು. 2008ರಲ್ಲಿ ಅಮೆರಿಕದ ಪಶುವೈದ್ಯಕೀಯ ವರ್ತನಾ ವಿಜ್ಞಾನ ಸಂಘವು ಮೊದಲ ಲಸಿಕೆಯ ಒಂದು ವಾರದ ನಂತರ, ಏಳೆಂಟು ವಾರಗಳ ವಯಸ್ಸಿನಲ್ಲಿಯೇ, ಶುಚಿಯಾದ ಸ್ಥಳಗಳಲ್ಲಿ ಮರಿಗಳಿಗೆ ಹೊರಗಿನ ಪರಿಚಯ ಆರಂಭಿಸಬಹುದೆಂದು ಪ್ರಕಟಿಸಿತು. ಎರಡು ಅಪಾಯಗಳನ್ನು ತೂಗಿ ನೋಡುವ ಇಂಥ ನಿರ್ಧಾರ ವೈದ್ಯರಿಗೆ ಹೊಸದಲ್ಲ.

ಈ ಪಾಠವನ್ನು ಚೆನ್ನಾಗಿ ಕಲಿತ ಸಂಸ್ಥೆಯೊಂದು ನಮ್ಮ ನೆರೆಯಲ್ಲಿಯೇ ಇದೆ. ಡೆಟ್ರಾಯಿಟ್ ಪ್ರದೇಶದ ಲಯನ್ಸ್ ಕ್ಲಬ್ ಸದಸ್ಯರು 1939ರಲ್ಲಿ ಆರಂಭಿಸಿದ ‘ಲೀಡರ್ ಡಾಗ್ಸ್ ಫಾರ್ ದ ಬ್ಲೈಂಡ್’ ರೋಚೆಸ್ಟರ್ ಹಿಲ್ಸ್‌ನಲ್ಲಿದೆ. ಅಂಧರಿಗೆ ದಾರಿ ತೋರುವ ನಾಯಿ ಬಸ್ಸಿನ ಸದ್ದಿಗೂ ಜನಜಂಗುಳಿಗೂ ಬೆದರಬಾರದು. ಆದ್ದರಿಂದ ಅದರ ಮರಿಗಳನ್ನು ಸ್ವಯಂಸೇವಕರು ಸಾಕುತ್ತಾರೆ. ಅಂಗಡಿ, ಮೆಟ್ಟಿಲು, ರಸ್ತೆ, ಗದ್ದಲಗಳನ್ನು ನಿಧಾನವಾಗಿ ಪರಿಚಯಿಸುತ್ತಾರೆ. ಆ ನಾಯಿಗಳ ಧೈರ್ಯ ಹೀಗೆ ವಾರ ವಾರವೂ ಕೂಡಿಬಂದುದು.

ದಂಡನೆಯ ಚರಿತ್ರೆ

ಪ್ರಯೋಗಾಲಯಗಳಲ್ಲಿ ಇಷ್ಟು ನಡೆಯುತ್ತಿದ್ದರೂ ತರಬೇತಿಯ ಮೈದಾನಗಳಲ್ಲಿ ಬೇರೆಯದೇ ಗಾಳಿಯಿತ್ತು. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿಯಿಂದ ಮೊದಲ್ಗೊಂಡು ಪೊಲೀಸ್ ಮತ್ತು ಸೈನ್ಯದ ನಾಯಿಗಳಿಗೆ ರೂಪಿಸಿದ ಬಲವಂತದ ವಿಧಾನಗಳು ಮನೆಯ ನಾಯಿಗೂ ಬಂದವು. ಗುರುಗುಟ್ಟಿದರೆ ಸರಪಳಿ ಜಗ್ಗು, ಹೆದರಿದರೆ ಹೆದರಿಸಿದ ವಸ್ತುವಿನ ಮುಂದೆಯೇ ನಿಲ್ಲಿಸು ಎಂಬ ರೀತಿ ಅದು.

1967ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಡೆಸಿದ ಪ್ರಯೋಗ ಇಂದು ಓದುವವರಿಗೆ ಸಂಕಟ ತರುತ್ತದೆ. ತಪ್ಪಿಸಿಕೊಳ್ಳಲಾಗದ ವಿದ್ಯುದಾಘಾತಕ್ಕೆ ಒಳಗಾದ ನಾಯಿಗಳಲ್ಲಿ ಅನೇಕವು, ಮುಂದೆ ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದಾಗಲೂ ಎದ್ದು ಹೋಗದೆ ಸುಮ್ಮನೆ ಮಲಗಿದವು. ಇದನ್ನು ಅವರು ‘ಕಲಿತ ಅಸಹಾಯಕತೆ’ ಎಂದರು. ಐವತ್ತು ವರ್ಷಗಳ ಬಳಿಕ, 2016ರಲ್ಲಿ, ಮಿದುಳಿನ ಹೊಸ ಅಧ್ಯಯನಗಳನ್ನು ಆಧರಿಸಿ ಅವರಿಬ್ಬರೇ ತಮ್ಮ ವಿವರಣೆಯನ್ನು ತಿರುಗಿಸಿದರು: ದೀರ್ಘ ಸಂಕಟದಲ್ಲಿ ನಿಷ್ಕ್ರಿಯತೆಯೇ ಮಿದುಳಿನ ಸಹಜ ಪ್ರತಿಕ್ರಿಯೆ, ಕಲಿಯಬೇಕಾದುದು ‘ಪರಿಸ್ಥಿತಿ ನನ್ನ ಕೈಯಲ್ಲಿದೆ’ ಎಂಬ ಅನುಭವವನ್ನು. ಹೆದರುವ ನಾಯಿಗೆ ಹಿಂದೆ ಸರಿಯಲು ಜಾಗವನ್ನೂ ತಾನಾಗಿ ಹತ್ತಿರ ಬರಲು ಸಮಯವನ್ನೂ ಕೊಡಬೇಕೆಂಬ ಇಂದಿನ ಸಲಹೆಗೆ ಇಲ್ಲಿ ಬಲವಾದ ಆಧಾರವಿದೆ. ದಂಡನೆಯಿಂದ ‘ತಣ್ಣಗಾದ’ ನಾಯಿ ಶಾಂತವಾಗಿದೆಯೋ ಸೋತು ಮಲಗಿದೆಯೋ ಎಂಬುದನ್ನು ಹೊರನೋಟಕ್ಕೆ ಹೇಳುವುದು ಕಷ್ಟ.

ನಮ್ಮ ಉಪನಗರಗಳ ಬೇಲಿಯಿಲ್ಲದ ಹುಲ್ಲುಹಾಸುಗಳಲ್ಲಿ ನೆಲದಡಿಯ ತಂತಿ ಮತ್ತು ಕೊರಳಪಟ್ಟಿಯ ವಿದ್ಯುತ್ ಮಿಡಿತದಿಂದ ನಾಯಿಯನ್ನು ತಡೆಯುವ ವ್ಯವಸ್ಥೆ ಹಲವರ ಮನೆಯಲ್ಲಿದೆ. ದಾರಿಹೋಕರನ್ನು ಕಂಡು ಅಂಚಿಗೆ ಓಡಿದಾಗಲೆಲ್ಲ ಕೊರಳಿಗೆ ಚುರುಕು ಮುಟ್ಟಿದರೆ, ನಾಯಿ ಆ ನೋವನ್ನು ತಂತಿಯೊಡನೆ ಹೊಂದಿಸುವ ಬದಲು ದಾರಿಹೋಕರೊಡನೆ ಹೊಂದಿಸಿಕೊಳ್ಳಬಹುದು. ಪಾವ್‌ಲೋವ್‌ನ ಪಾಠವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಸಿಡಿಮದ್ದಿನ ರಾತ್ರಿಗಳು

ಮಿಶಿಗನ್ ರಾಜ್ಯದ ಹೊಸ ಪಟಾಕಿ ಕಾನೂನು 2012ರ ಜನವರಿಯಿಂದ ಜಾರಿಗೆ ಬಂದ ಮೇಲೆ ಆಕಾಶಕ್ಕೆ ಹಾರುವ ಸಿಡಿಮದ್ದುಗಳು ಜನಸಾಮಾನ್ಯರ ಕೈಗೂ ಬಂದವು. ದೂರುಗಳು ಹೆಚ್ಚಿ, 2018ರ ತಿದ್ದುಪಡಿಯು ಸ್ಥಳೀಯ ಆಡಳಿತಗಳಿಗೆ ಹೆಚ್ಚಿನ ಅಧಿಕಾರ ಕೊಟ್ಟಿತು. ಆದರೂ ಜೂನ್ 29ರಿಂದ ಜುಲೈ 4ರವರೆಗಿನ ರಾತ್ರಿಗಳು ಕಾನೂನಿನಲ್ಲಿಯೇ ಉಳಿದಿವೆ. ನಮಗೆ ಕೇಳದ ಎತ್ತರದ ಸ್ವರಗಳನ್ನೂ ನಾಯಿಯ ಕಿವಿ ಹಿಡಿಯುತ್ತದೆ. ಸದ್ದು ಎಲ್ಲಿಂದ, ಏಕೆ, ಇನ್ನೆಷ್ಟು ಹೊತ್ತು ಎಂಬುದು ಅದಕ್ಕೆ ತಿಳಿಯದು. ನಡುಗುವ ನಾಯಿಯನ್ನು ಸಂತೈಸಿದರೆ ಭಯ ಹೆಚ್ಚುತ್ತದೆ ಎಂಬ ಹಳೆಯ ಮಾತನ್ನು ಈಗ ತಜ್ಞರು ಒಪ್ಪುವುದಿಲ್ಲ. ಭಯ ಒಂದು ಭಾವನೆ. ಬಹುಮಾನ ಕೊಟ್ಟು ಬೆಳೆಸುವ ಅಭ್ಯಾಸವಲ್ಲ. ಒಳಗಿನ ಕೋಣೆ, ಮುಚ್ಚಿದ ಪರದೆ, ಪಕ್ಕದಲ್ಲಿ ಕುಳಿತ ಮನೆಯವರು, ಇಷ್ಟಿದ್ದರೆ ಬಹಳಷ್ಟು ನೆರವು. ನಾವು ದೀಪಾವಳಿಗೆ ಹಿತ್ತಿಲಲ್ಲಿ ಪಟಾಕಿ ಹಚ್ಚುವುದಾದರೆ ಕಾನೂನಿನ ಅನುಮತಿಯನ್ನು ವಿಚಾರಿಸುವ ಜೊತೆಗೆ ನೆರೆಯವರಿಗೆ ಒಂದು ದಿನ ಮೊದಲೇ ತಿಳಿಸುವುದು ಸೌಜನ್ಯ.

ತೀವ್ರವಾದ ಅಂಜಿಕೆಗೆ ಔಷಧವೂ ಇದೆ. ಒಂಟಿಯಾಗಿ ಉಳಿದಾಗ ತಳಮಳಿಸುವ ನಾಯಿಗಳಿಗೆ ಕ್ಲೋಮಿಪ್ರಮಿನ್ 1998ರಲ್ಲಿಯೂ ಫ್ಲೂಆಕ್ಸೆಟಿನ್ 2007ರಲ್ಲಿಯೂ ಅಮೆರಿಕದಲ್ಲಿ ಅನುಮೋದನೆ ಪಡೆದವು. ಇವು ನಾವು ಮನುಷ್ಯರಿಗೆ ಬರೆದುಕೊಡುವ ಔಷಧಗಳೇ. ಭಯದ ಯಂತ್ರ ಎರಡೂ ಜೀವಿಗಳಲ್ಲಿ ಎಷ್ಟು ಸಮೀಪವಾದುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಮನೆಯ ಕಪಾಟಿನ ಮಾತ್ರೆಯನ್ನು ನಾಯಿಗೆ ಕೊಡಬಾರದು. ಪ್ರಮಾಣವನ್ನು ನಿಶ್ಚಯಿಸಬೇಕಾದವರು ಪಶುವೈದ್ಯರು.

ಎರಡು ಭಯಗಳು ಎದುರಾದಾಗ

ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಮರಳಿ ಮರಳಿ ನಡೆಯುವ ಒಂದು ಸಂಗತಿಯಿದೆ. ಕರ್ನಾಟಕದಿಂದ ಬಂದ ಹಿರಿಯರು ಬಾಗಿಲಲ್ಲೇ ನಿಂತು ಸೆರಗನ್ನೋ ಪಂಚೆಯನ್ನೋ ಬಿಗಿಹಿಡಿಯುತ್ತಾರೆ. ಒಳಗಿನಿಂದ ನಾಯಿ ಬೊಗಳುತ್ತದೆ. ‘ಬನ್ನಿ ಬನ್ನಿ, ಅದು ಏನೂ ಮಾಡುವುದಿಲ್ಲ’ ಎನ್ನುತ್ತಾರೆ ಮನೆಯವರು. ಈ ಮಾತು ಹಿರಿಯರ ಭಯವನ್ನೂ ಕಳೆಯುವುದಿಲ್ಲ, ನಾಯಿಯ ಭಯವನ್ನೂ ಕಳೆಯುವುದಿಲ್ಲ. ಗಟ್ಟಿಯಾಗಿ ನಿಂತು, ದಿಟ್ಟಿಸಿ, ಕೈಯೆತ್ತುವ ಹೊಸಬರು ನಾಯಿಗೆ ಬೆದರಿಕೆಯಂತೆ ಕಾಣುತ್ತಾರೆ. ಬೊಗಳುವ ನಾಯಿ ಹಿರಿಯರಿಗೆ ಬೆದರಿಕೆಯಂತೆ ಕಾಣುತ್ತದೆ. ಎರಡು ದೇಹಗಳಲ್ಲಿಯೂ ಅದೇ ಅಡ್ರಿನಾಲಿನ್. ನಾಯಿಯನ್ನು ಮೊದಲೇ ಬೇರೆ ಕೋಣೆಯಲ್ಲಿರಿಸಿ, ಅತಿಥಿಗಳು ಕುಳಿತು ಕಾಫಿ ಕುಡಿದ ಮೇಲೆ, ಅವರು ಒಪ್ಪಿದರೆ ಮಾತ್ರ, ಹಗ್ಗ ಹಿಡಿದು ದೂರದಿಂದ ಪರಿಚಯಿಸಿದರೆ ಇಬ್ಬರಿಗೂ ಮರ್ಯಾದೆ. ಅತಿಥಿಗಳು ನಾಯಿಯನ್ನು ದಿಟ್ಟಿಸದೆ, ಅದರ ಮೇಲೆ ಬಾಗದೆ, ಪಕ್ಕಕ್ಕೆ ತಿರುಗಿ ಕುಳಿತರೆ ಸಾಕು.

ಮಕ್ಕಳಿಗೆ ಕೆಲವು ಚಿಹ್ನೆಗಳನ್ನು ಅಕ್ಷರಗಳಂತೆಯೇ ಕಲಿಸಬೇಕು. ಬಾಲ ಕಾಲ ನಡುವೆ ಸೇರುವುದು, ಕಿವಿ ಹಿಂದಕ್ಕೆ ಒರಗುವುದು ಎಲ್ಲರಿಗೂ ಗೊತ್ತು. ತಿನಿಸಿಲ್ಲದೆ ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿಭಾಗ ತೋರುವಂತೆ ಓರೆನೋಟ ಬೀರುವುದು, ಮೈ ಕಲ್ಲಿನಂತೆ ಬಿಗಿಯಾಗುವುದು, ಇವು ಅದಕ್ಕೂ ಮೊದಲಿನ ಸೂಚನೆಗಳು. ಅಲುಗುವ ಬಾಲವೆಲ್ಲ ಸಂತೋಷದ ಬಾಲವಲ್ಲ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ನಂಬಿ ಕೈಚಾಚುವುದೂ ಸಲ್ಲದು. ಗುರುಗುಟ್ಟುವುದು ನಾಯಿಯ ಎಚ್ಚರಿಕೆ. ಅದಕ್ಕೆ ಶಿಕ್ಷಿಸಿದರೆ ಮುಂದಿನ ಬಾರಿ ಅದು ಎಚ್ಚರಿಕೆಯನ್ನು ಬಿಟ್ಟು ನೇರವಾಗಿ ಕಚ್ಚಬಹುದು.

ಕಚ್ಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕು. ಇಲ್ಲಿ ಕಚ್ಚಿದ ನಾಯಿಯನ್ನು ಹತ್ತು ದಿನ ಗಮನದಲ್ಲಿರಿಸುವ ಕ್ರಮವಿದೆ. ರಜೆಗೆಂದು ಊರಿಗೆ ಹೋದಾಗ ಬೀದಿನಾಯಿಯ ಸಣ್ಣ ಗೀರನ್ನೂ ಅಲಕ್ಷಿಸದೆ ಅಂದೇ ಲಸಿಕೆ ಆರಂಭಿಸಬೇಕು. ಅಲ್ಲಿಯ ಮಟ್ಟಿಗೆ ಹಿರಿಯರ ಎಚ್ಚರವೇ ಸರಿ. ಇಲ್ಲಿ ಹುಟ್ಟಿ, ನಾಯಿಗಳ ನಡುವೆ ನಿರ್ಭಯವಾಗಿ ಬೆಳೆದ ನಮ್ಮ ಮಕ್ಕಳಿಗೆ ಮೈಸೂರಿನ, ಹುಬ್ಬಳ್ಳಿಯ ಬೀದಿಗಿಳಿಯುವ ಮುನ್ನ ಈ ವ್ಯತ್ಯಾಸವನ್ನು ತಿಳಿಸಿ ಹೇಳುವುದು ತಂದೆತಾಯಿಗಳ ಕೆಲಸ. ಹಿರಿಯರಿಗೆ ಇಲ್ಲಿಯ ನಾಯಿಯ ಭಾಷೆಯನ್ನು ನಿಧಾನವಾಗಿ ಪರಿಚಯಿಸುವುದನ್ನು ಮಕ್ಕಳಿಗೆ ಒಪ್ಪಿಸಬಹುದು.